ತೆರೆದ ಬಾಗಿಲು, ಕರೆದ ಬಾಗಿಲು

ಮನೆಯೆಂದ ಮೇಲೆ ಬಾಗಿಲು ಇರಲೇಬೇಕು; ಬಾಗಿಲೆಂದ ಮೇಲೆ ಅದು ತೆರೆಯುವುದೂ ಉಂಟು, ಮುಚ್ಚುವುದೂ ಉಂಟು. ನಮ್ಮ ಹಿರಿಯರು ಕಟ್ಟಿದ ಮನೆಗಳಲ್ಲಿ ಬೀದಿಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿದ್ದಿತು. ದಾರಿಹೋಕನು ಜಗಲಿಯ ಮೇಲೆ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ಕೇಳಿದರೆ ನೀರೂ ಮಜ್ಜಿಗೆಯೂ ದೊರೆಯುತ್ತಿದ್ದವು. ಆದರೆ ಬಾಗಿಲು ತೆರೆದಿದೆಯೆಂಬುದೊಂದನ್ನೇ ಆಧಾರವಾಗಿಟ್ಟುಕೊಂಡು, ಹೇಳದೆ ಕೇಳದೆ ನಡುಮನೆಯನ್ನು ದಾಟಿ, ಅಡುಗೆಯ ಮನೆಗೆ ನುಗ್ಗಿ ಮಜ್ಜಿಗೆಯ ಗಡಿಗೆಗೆ ಕೈಯಿಟ್ಟವನನ್ನು ಯಾರೂ ಅತಿಥಿಯೆಂದು ಕರೆಯುತ್ತಿರಲಿಲ್ಲ. ಈ ವಿವೇಕವನ್ನು ಯಾವ ಶಾಸ್ತ್ರವನ್ನೂ ಓದದ ಮಕ್ಕಳು ಕೂಡ ಬಲ್ಲವರಾಗಿದ್ದರು.

ಈಗ ನಮ್ಮ ಮನೆಗಳಿಗೆ ಕಣ್ಣಿಗೆ ಕಾಣದ ಇನ್ನೊಂದು ಬಾಗಿಲು ಬಂದಿರುವುದು. ಗೋಡೆಯ ಮೂಲೆಯಲ್ಲಿ ಒಂದೆರಡು ಕಡ್ಡಿಗಳನ್ನು ಮೇಲೆತ್ತಿಕೊಂಡು, ಪುಟ್ಟ ದೀಪಗಳನ್ನು ಮಿಣುಕಿಸುತ್ತ ಕುಳಿತಿರುವ ವೈಫೈ ರೌಟರೇ ಆ ಬಾಗಿಲು. ಮಕ್ಕಳ ಪಾಠ, ಸೊಸೆಯ ಕಛೇರಿಯ ಕೆಲಸ, ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ವ್ಯವಹಾರ, ದೂರದೇಶದಲ್ಲಿರುವ ಮೊಮ್ಮಗನ ಮುಖದರ್ಶನ—ಇವೆಲ್ಲವೂ ಈ ಬಾಗಿಲಿನಿಂದಲೇ ಬರುವುವು, ಹೋಗುವುವು. ನಿಸ್ತಂತು ಎಂದರೆ ತಂತುವಿಲ್ಲದ್ದು, ಎಂದರೆ ತಂತಿಯಿಲ್ಲದ್ದು. ತಂತಿಯಿದ್ದರೆ ಅದು ಹೋದಷ್ಟು ದೂರಕ್ಕೆ ಮಾತ್ರ ಹೋಗುತ್ತಿದ್ದಿತು. ತಂತಿಯಿಲ್ಲದ ಕಾರಣ ಅದು ಗೋಡೆಯನ್ನು ದಾಟಿ ನೆರೆಯವರ ಅಂಗಳಕ್ಕೂ ಬೀದಿಗೂ ಹರಿಯುವುದು. ಮನೆಯ ಮೇರೆ ಎಲ್ಲಿಗೆ ಮುಗಿಯಿತೆಂಬುದನ್ನು ಅದು ಅರಿಯದು.

ಇಂಥ ರೌಟರಿಗೆ ಕೆಲವೇ ಸಾಲುಗಳ ಆಜ್ಞೆಗಳನ್ನು ಬರೆದುಕೊಟ್ಟು, ಸುತ್ತಮುತ್ತ ಇರುವ ಬೀಗವಿಲ್ಲದ ನಿಸ್ತಂತು ಜಾಲಗಳನ್ನು ಅದು ತಾನೇ ಹುಡುಕುವಂತೆಯೂ, ತಾನೇ ಸೇರಿಕೊಳ್ಳುವಂತೆಯೂ, ಒಂದು ಕೆಟ್ಟರೆ ಇನ್ನೊಂದಕ್ಕೆ ಹಾರುವಂತೆಯೂ ಮಾಡುವುದು ಸಾಧ್ಯವಾಗಿರುವುದು. ಯಂತ್ರವಿದ್ಯೆಯಲ್ಲಿ ಆಸಕ್ತಿಯುಳ್ಳ ತರುಣರಿಗೆ ಇದೊಂದು ವಿನೋದ. ಮನೆಯನ್ನು ನಡೆಸುವ ನಮ್ಮಂಥವರಿಗಾದರೋ ಇದು ವಿನೋದಮಾತ್ರವಲ್ಲ. ಇದರಲ್ಲಿ ಲಾಭವೂ ಉಂಟು, ಅಪಾಯವೂ ಉಂಟು, ಧರ್ಮದ ಒಂದು ಪ್ರಶ್ನೆಯೂ ಉಂಟು. ಆದಕಾರಣ ಈ ಕೌಶಲವು ಹೇಗೆ ಹುಟ್ಟಿತು, ಹೇಗೆ ನಡೆಯುವುದು, ಎಲ್ಲಿಯವರೆಗೆ ಸಲ್ಲುವುದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ರೌಟರಿನ ಸ್ವರೂಪವನ್ನು ತಿಳಿಯೋಣ. ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲಿಟ್ಟ ದೀಪವು ಒಳಗಿನ ಕೋಣೆಯನ್ನೂ ಹೊರಗಿನ ಜಗಲಿಯನ್ನೂ ಏಕಕಾಲದಲ್ಲಿ ಬೆಳಗುವುದು. ರೌಟರೂ ಹಾಗೆಯೇ ಹೊಸ್ತಿಲ ಮೇಲಿನ ವಸ್ತು. ಅದರ ಒಂದು ಮುಖವು ಮನೆಯ ಒಳಕ್ಕೆ, ಇನ್ನೊಂದು ಮುಖವು ಹೊರಗಿನ ಅಂತರ್ಜಾಲಕ್ಕೆ. ಮನೆಯವರ ಪತ್ರಗಳನ್ನು ಹೊರಕ್ಕೆ ಒಯ್ದು, ಬಂದ ಉತ್ತರಗಳನ್ನು ಯಾರಿಗೆ ಸಲ್ಲತಕ್ಕದ್ದೋ ಅವರಿಗೇ ಮುಟ್ಟಿಸುವುದು ಅದರ ಕೆಲಸ. ಸಾಮಾನ್ಯವಾಗಿ ಹೊರಮುಖಕ್ಕೆ ಸೇವಾಸಂಸ್ಥೆಯ ತಂತಿಯೊಂದು ಬಂದು ಸೇರಿರುವುದು. ಆ ತಂತಿಯ ಸ್ಥಾನದಲ್ಲಿ ಮತ್ತೊಂದು ವೈಫೈಯನ್ನೇ ಹೊರಮುಖವಾಗಿ ಮಾಡಿಕೊಂಡರೆ, ನಮ್ಮ ರೌಟರು ಇನ್ನೊಬ್ಬರ ರೌಟರಿಗೆ ಅತಿಥಿಯಾಗಿ, ನಮ್ಮ ಮನೆಯ ಯಂತ್ರಗಳಿಗೆ ಯಜಮಾನನಾಗಿ, ಎರಡು ಪಾತ್ರಗಳನ್ನೂ ಒಟ್ಟಿಗೆ ವಹಿಸುವುದು. ಪ್ರಸ್ತುತ ಕೌಶಲಕ್ಕೆ ಇದೇ ಮೂಲ.

ಇದರ ಇತಿಹಾಸವು ಬಹಳ ಹಳೆಯದೇನೂ ಅಲ್ಲ. ೧೯೮೫ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಕೆಲವು ರೇಡಿಯೋ ತರಂಗಪಟ್ಟಿಗಳನ್ನು ಸಂಪರ್ಕಕ್ಕಾಗಿ ಯಾರು ಬೇಕಾದರೂ ಪರವಾನಗಿಯಿಲ್ಲದೆ ಬಳಸಬಹುದೆಂದು ವಿಧಿಸಿತು. ಅವುಗಳಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯೂ ಒಂದು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಕೆಲಸಮಾಡುವುದು. ೧೯೯೭ರಲ್ಲಿ ೮೦೨.೧೧ ಎಂಬ ಸಂಖ್ಯೆಯ ನಿಯಮಾವಳಿಯು ಹೊರಬಂದಿತು. ಆಗಿನ ವೇಗವು ಸೆಕೆಂಡಿಗೆ ೨೦ ಲಕ್ಷ ಬಿಟ್ಟುಗಳು ಮಾತ್ರ. ೧೯೯೯ರಲ್ಲಿ ಅದರ ಸುಧಾರಿತ ರೂಪವೂ ವೈಫೈ ಎಂಬ ಹೆಸರೂ ಬಂದವು. ನಮ್ಮ ದೇಶದಲ್ಲಿ ೨೦೦೫ರ ಜನವರಿಯಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದರು. ಆ ಬಳಿಕವೇ ಈ ಪೆಟ್ಟಿಗೆಗಳು ನಮ್ಮ ಮನೆಗಳನ್ನು ಧಾರಾಳವಾಗಿ ಹೊಕ್ಕವು.

ರೌಟರಿಗೆ ಹೊಸ ವಿದ್ಯೆಯನ್ನು ಕಲಿಸುವ ಪದ್ಧತಿಯಾದರೋ ಒಂದು ನೀಲಿ ಪೆಟ್ಟಿಗೆಯಿಂದ ಆರಂಭವಾಯಿತೆನ್ನಬಹುದು. ೨೦೦೨ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಎಂಬ ಅಮೆರಿಕದ ಸಂಸ್ಥೆಯು ಡಬ್ಲ್ಯು.ಆರ್.ಟಿ. ೫೪ ಜಿ ಎಂಬ ರೌಟರನ್ನು ಮಾರಾಟಕ್ಕೆ ತಂದಿತು. ಮುಂದಿನ ವರ್ಷ ಕೆಲವು ಕುತೂಹಲಿಗಳು ಅದರ ಅಂತರಂಗವನ್ನು ಪರೀಕ್ಷಿಸಿದಾಗ, ಅದರೊಳಗೆ ಲಿನಕ್ಸ್ ಎಂಬ ಸಾರ್ವಜನಿಕ ತಂತ್ರಾಂಶವು ನಡೆಯುತ್ತಿರುವುದು ಗೊತ್ತಾಯಿತು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಹಾಗೆ ಹಂಚುವವರು ತಾವು ತಿದ್ದಿದ ಮೂಲಪಾಠವನ್ನು ಪಡೆದವರಿಗೆ ಕೊಡಲೇಬೇಕೆಂಬುದು ಅದರ ಕರಾರು. ಈ ಕರಾರನ್ನು ತೋರಿಸಿ ಒತ್ತಾಯಿಸಿದ ಮೇಲೆ ೨೦೦೩ರಲ್ಲಿಯೇ ಸಂಸ್ಥೆಯು ಮೂಲಪಾಠವನ್ನು ಬಿಡುಗಡೆಮಾಡಿತು. ಗುರುಕುಲದ ತಾಳೆಗರಿಯು ಊರವರ ಕೈಗೆ ಬಂದಂತಾಯಿತು. ೨೦೦೪ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವಯಂಸೇವಕರ ಯೋಜನೆಯೂ, ಅದರ ಮರುವರ್ಷ ಡಿಡಿ-ಡಬ್ಲ್ಯುಆರ್‌ಟಿ ಎಂಬ ಇನ್ನೊಂದೂ ಹುಟ್ಟಿದವು. ಮೊದಲ ಆವೃತ್ತಿಯ ಆ ಪೆಟ್ಟಿಗೆಯಲ್ಲಿದ್ದುದು ೧೬ ಮೆಗಾಬೈಟಿನ ಸ್ಮೃತಿಯೂ ೪ ಮೆಗಾಬೈಟಿನ ಕೋಶವೂ ಮಾತ್ರ. ಈ ಕಾಲದ ಮೊಬೈಲಿನಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳೇ ಅಷ್ಟು ಸ್ಥಳವನ್ನು ನುಂಗುವುವು. ಅಷ್ಟರಲ್ಲಿಯೇ ಅವರು ಹೊಸ ಹೊಸ ವಿದ್ಯೆಗಳನ್ನು ತುಂಬಿದರು. ೨೦೦೫ರಲ್ಲಿ ಸಂಸ್ಥೆಯು ಆ ಮಾದರಿಯ ಸ್ಮೃತಿಯನ್ನು ಅರ್ಧಕ್ಕಿಳಿಸಿ ಲಿನಕ್ಸನ್ನು ತೆಗೆದುಹಾಕಿತು. ಆದರೆ ಬೇಡುವವರು ಇದ್ದುದರಿಂದ ಲಿನಕ್ಸ್ ಉಳ್ಳ ಮಾದರಿಯನ್ನು ಎಲ್ ಅಕ್ಷರವನ್ನು ಸೇರಿಸಿ ಬೇರೆಯಾಗಿ ಮಾರಿತು.

ಹೀಗೆ ತುಂಬಿದ ವಿದ್ಯೆಗಳಲ್ಲಿ ಆಟೋಎಪಿ ಎಂಬುದೊಂದು. ಇದು ಡಿಡಿ-ಡಬ್ಲ್ಯುಆರ್‌ಟಿಗೆ ಸೇರಿಸಬಹುದಾದ ಒಂದು ಆಜ್ಞಾಪಟ್ಟಿ. ತಜ್ಞರು ಇದನ್ನು ಸ್ಕ್ರಿಪ್ಟ್ ಎನ್ನುವರು. ಬೀಗವಿಲ್ಲದ ಜಾಲಗಳನ್ನು ಹುಡುಕಿ ಸೇರುವುದೇ ಅದರ ಕೆಲಸ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಪ್ರವಾಸಿಗಳಿಗಾಗಿ ಟ್ರಾವೆಲ್‌ಮೇಟ್ ಎಂಬ ಇನ್ನೂ ಪರಿಷ್ಕೃತವಾದ ಉಪಕರಣವುಂಟು. ಹೆಸರು ಯಾವುದಾದರೂ ಇರಲಿ, ನಡೆಯುವ ಕ್ರಮವು ಬಹುಮಟ್ಟಿಗೆ ಒಂದೇ.

ಆ ಕ್ರಮವನ್ನು ನನಗೆ ವಿವರಿಸಿದವನು ನನ್ನಲ್ಲಿ ಓದಿ ಈಗ ಯಂತ್ರವಿದ್ಯೆಯ ಉದ್ಯೋಗದಲ್ಲಿರುವ ಒಬ್ಬ ಶಿಷ್ಯನು. ಅವನ ಮಾತಿನ ಸಾರವಿದು. ಪ್ರತಿಯೊಂದು ರೌಟರೂ ತಾನು ಇರುವೆನೆಂಬುದನ್ನು ಸೆಕೆಂಡಿಗೆ ಸುಮಾರು ೧೦ ಸಲ ಸಾರುತ್ತಿರುವುದು. ಊರಿನಲ್ಲಿ ಡಂಗುರ ಹೊಡೆದಂತೆ ಇದು. ಆ ಸಾರಿಕೆಯಲ್ಲಿ ಜಾಲದ ಹೆಸರು, ಯಂತ್ರದ ಸಂಖ್ಯೆ, ಅದು ಯಾವ ಚಾನೆಲಿನಲ್ಲಿದೆ ಎಂಬುದು, ಬೀಗವುಂಟೋ ಇಲ್ಲವೋ ಎಂಬುದು—ಇವಿಷ್ಟೂ ಇರುವುವು. ಹೆಸರಿಗೆ ೩೨ ಬೈಟುಗಳ ಮಿತಿಯುಂಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೇಕು. ಹಾಗಾಗಿ ಮನೆಯ ವೈಫೈಗೆ ಕನ್ನಡದಲ್ಲಿ ಹೆಸರಿಡಬೇಕೆನ್ನುವವರು ಗುಣಿತವೂ ಒತ್ತೂ ಸೇರಿ ಹತ್ತು ಚಿಹ್ನೆಗಳಲ್ಲಿ ಮುಗಿಸಬೇಕು. ಇನ್ನು ಬೀಗದ ವಿಷಯವು ಸಾರಿಕೆಯಲ್ಲಿ ಒಂದೇ ಒಂದು ಬಿಟ್ಟಿನಿಂದ ಸೂಚಿತವಾಗುವುದು. ಅದು ಒಂದಾಗಿದ್ದರೆ ಬೀಗವುಂಟು; ಸೊನ್ನೆಯಾಗಿದ್ದರೆ ಬೀಗವಿಲ್ಲ. ಮುಂದಿನ ವಿಚಾರವೆಲ್ಲ ಈ ಒಂದು ಸೊನ್ನೆಯ ಮೇಲೆ ನಿಂತಿರುವುದನ್ನು ವಾಚಕರು ನೆನಪಿನಲ್ಲಿಡಬೇಕು.

ಆಜ್ಞಾಪಟ್ಟಿಯ ಮೊದಲನೆಯ ವಿಧಿ: ಎಲ್ಲ ಚಾನೆಲುಗಳನ್ನೂ ಒಂದೊಂದಾಗಿ ಆಲಿಸಿ, ಕೇಳಿಬಂದ ಹೆಸರುಗಳನ್ನು ಬರೆದುಕೋ. ಎರಡನೆಯದು: ಬೀಗವಿರುವುವನ್ನೂ ನಿನ್ನ ಸ್ವಂತ ಹೆಸರನ್ನೂ ಹಿಂದೆ ಕೆಟ್ಟುವೆಂದು ಗುರುತುಹಾಕಿದವನ್ನೂ ತೆಗೆದುಹಾಕು. ಮೂರನೆಯದು: ಉಳಿದವುಗಳನ್ನು ಧ್ವನಿಯ ಬಲಕ್ಕನುಗುಣವಾಗಿ ಸಾಲಾಗಿ ನಿಲ್ಲಿಸು. ಈ ಬಲವನ್ನು ಋಣಸಂಖ್ಯೆಗಳಲ್ಲಿ ಅಳೆಯುವರು. ಮೈನಸ್ ೫೦ ಎಂದರೆ ಬಲವಾದದ್ದು, ಮೈನಸ್ ೮೦ ಎಂದರೆ ಕ್ಷೀಣವಾದದ್ದು. ನಾಲ್ಕನೆಯದು: ಸಾಲಿನ ಮೊದಲನೆಯದನ್ನು ಸೇರಿ, ಅಲ್ಲಿಂದ ನಿನಗೊಂದು ವಿಳಾಸಸಂಖ್ಯೆಯನ್ನು ಬೇಡು, ಕೆಲವು ಸೆಕೆಂಡುಗಳೊಳಗೆ ದೊರೆಯದಿದ್ದರೆ ಮುಂದಿನದಕ್ಕೆ ಹೋಗು. ಐದನೆಯದು: ವಿಳಾಸವು ದೊರೆತರೂ ನಂಬಬೇಡ. ಹೊರಲೋಕದ ಪರಿಚಿತವಾದ ಒಂದೆರಡು ಸ್ಥಾನಗಳನ್ನು ಕೂಗಿ ನೋಡು. ಉತ್ತರ ಬಂದರೆ ಮಾತ್ರ ದಾರಿಯುಂಟೆಂದು ತಿಳಿ. ಆರನೆಯದು: ಹೀಗೆ ನೆಲೆನಿಂತ ಮೇಲೂ ಆಗಾಗ್ಗೆ ಪರೀಕ್ಷಿಸುತ್ತಿರು; ಮೂರು ಸಲ ಸತತವಾಗಿ ಉತ್ತರ ಬಾರದಿದ್ದರೆ ಮೊದಲನೆಯ ವಿಧಿಗೆ ಹಿಂದಿರುಗು.

ವ್ಯಾಕರಣವನ್ನು ಓದಿದವರಿಗೆ ಇದು ಹೊಸದೆನಿಸದು. ಮೊದಲು ಉತ್ಸರ್ಗ, ಬಳಿಕ ಅಪವಾದ. ಒಂದು ವಿಧಿ, ಅದಕ್ಕೊಂದು ನಿಷೇಧ. ಸೂತ್ರಕಾರನು ಹೇಳಿದುದನ್ನಷ್ಟೇ ಯಂತ್ರವು ಮಾಡುವುದು. ಹೇಳದೆ ಬಿಟ್ಟುದನ್ನು ಊಹಿಸುವ ಶಕ್ತಿಯು ಅದಕ್ಕಿಲ್ಲ. ಆದುದರಿಂದ ಸೂತ್ರವನ್ನು ಬರೆಯುವವನು ದೂರದೃಷ್ಟಿಯುಳ್ಳವನಾಗಿರಬೇಕು. ನಿದರ್ಶನಕ್ಕೆ, ಸೇರಿದ ಜಾಲಕ್ಕಿಂತ ಕೊಂಚ ಬಲವಾದದ್ದು ಕೇಳಿಬಂದೊಡನೆ ಅಲ್ಲಿಗೆ ಹಾರು ಎಂದು ಬರೆದರೆ, ರೌಟರು ಎರಡು ಜಾಲಗಳ ನಡುವೆ ಓಲಾಡುತ್ತ ಮನೆಯವರ ಯಾವ ಕೆಲಸವನ್ನೂ ಮುಗಿಸಗೊಡದು. ಕೆಡುವವರೆಗೆ ಬಿಡಬೇಡ ಎಂಬ ನಿಯಮವೇ ಲೇಸು. ಇನ್ನೊಂದು ತೊಡಕೂ ಉಂಟು. ರೌಟರಿನಲ್ಲಿ ರೇಡಿಯೋ ಒಂದೇ ಇದ್ದರೆ, ಅದು ಅತಿಥಿಯಾಗಿ ಆಲಿಸುವುದೂ ಯಜಮಾನನಾಗಿ ನುಡಿಯುವುದೂ ಒಂದೇ ಚಾನೆಲಿನಲ್ಲಿ ಆಗಬೇಕು. ಪ್ರತಿಯೊಂದು ಮಾತನ್ನೂ ಎರಡೆರಡು ಸಲ ಆಡಬೇಕಾದುದರಿಂದ ವೇಗವು ಸುಮಾರು ಅರ್ಧಕ್ಕಿಳಿಯುವುದು. ಈಗಿನ ರೌಟರುಗಳಲ್ಲಿ ಎರಡು ರೇಡಿಯೋಗಳಿರುವುದು ಸಾಮಾನ್ಯವಾಗಿ, ಒಂದರಿಂದ ಹೊರಗಿನದನ್ನೂ ಮತ್ತೊಂದರಿಂದ ಒಳಗಿನದನ್ನೂ ನಡೆಸಬಹುದು.

ಮತ್ತೊಂದು ವಿಘ್ನವು ದ್ವಾರಪಾಲಕರದು. ರೈಲುನಿಲ್ದಾಣ, ಹೋಟೆಲು, ವಿಮಾನನಿಲ್ದಾಣಗಳಲ್ಲಿ ಜಾಲವು ಬೀಗವಿಲ್ಲದೆಯೇ ಇರುವುದು. ಆದರೆ ಒಳಹೊಕ್ಕೊಡನೆ ಒಂದು ಪುಟವು ಅಡ್ಡಬಂದು, ಮೊಬೈಲ್ ಸಂಖ್ಯೆಯನ್ನು ಕೇಳಿ, ಅದಕ್ಕೆ ಬಂದ ಓಟಿಪಿಯನ್ನು ಬರೆದ ಮೇಲೆಯೇ ದಾರಿಬಿಡುವುದು. ನಮ್ಮ ದೇಶದಲ್ಲಿ ೨೦೧೬ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಸಂಸ್ಥೆಗಳು ಸೇರಿ ಇಂಥ ಉಚಿತ ಸೇವೆಯನ್ನು ಆರಂಭಿಸಿದುವು. ಗೂಗಲ್ ೨೦೨೦ರಲ್ಲಿ ಹಿಂದೆ ಸರಿದರೂ ರೈಲ್‌ಟೆಲ್ ಸಂಸ್ಥೆಯು ಅದನ್ನು ಮುಂದುವರಿಸಿ ೬೦೦೦ಕ್ಕೂ ಹೆಚ್ಚು ನಿಲ್ದಾಣಗಳಿಗೆ ಹಬ್ಬಿಸಿತು. ಇಲ್ಲಿ ಯಂತ್ರದ ಜಾಣತನವು ಸಾಗದು. ಅದು ಕೂಗಿದ ಕೂಗಿಗೆ ದ್ವಾರಪಾಲಕನೇ ಉತ್ತರ ಕೊಡುವನು. ಅದಕ್ಕೇ ಉತ್ತಮವಾದ ಆಜ್ಞಾಪಟ್ಟಿಯು ಉತ್ತರ ಬಂದಿತೇ ಎಂಬುದನ್ನು ಮಾತ್ರ ನೋಡದೆ, ತಾನು ನಿರೀಕ್ಷಿಸಿದ ಉತ್ತರವೇ ಬಂದಿತೇ ಎಂಬುದನ್ನೂ ನೋಡುವುದು. ಇಲ್ಲವಾದರೆ ಯಜಮಾನನನ್ನು ಕರೆದು, ಬಾಗಿಲಲ್ಲಿ ಹೆಸರು ಕೇಳುತ್ತಿರುವರೆಂದು ತಿಳಿಸುವುದು.

ಇದರಿಂದ ನ್ಯಾಯವಾದ ಪ್ರಯೋಜನಗಳಿಲ್ಲದಿಲ್ಲ. ಊರಿಂದೂರಿಗೆ ತಿರುಗುವ ಉದ್ಯೋಗಸ್ಥನು ಅಂಗೈಯಗಲದ ರೌಟರೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡರೆ, ತಂಗಿದ ಹೋಟೆಲಿನ ಜಾಲವನ್ನು ಅದೊಂದೇ ಸೇರಿ, ಹೆಂಡತಿ ಮಕ್ಕಳ ಫೋನುಗಳೆಲ್ಲಕ್ಕೂ ಮನೆಯಲ್ಲಿದ್ದ ಹೆಸರಿನಲ್ಲಿಯೇ ಸಂಪರ್ಕವನ್ನು ಒದಗಿಸುವುದು. ತೋಟದ ಮನೆಯಲ್ಲಿರುವವರು ತಂತಿಯ ಸಂಪರ್ಕವು ಕಡಿದಾಗ ತಮ್ಮದೇ ಮೊಬೈಲಿನ ಹಾಟ್‌ಸ್ಪಾಟಿಗೆ ರೌಟರು ತಾನೇ ಹೊರಳುವಂತೆ ಮಾಡಿಕೊಳ್ಳಬಹುದು. ಅಣ್ಣತಮ್ಮಂದಿರ ಎರಡು ಮನೆಗಳು ಎದುರುಬದುರಾಗಿದ್ದರೆ, ಒಬ್ಬರದು ಕೆಟ್ಟಾಗ ಇನ್ನೊಬ್ಬರದನ್ನು ಸೇರಬಹುದು. ಇವೆಲ್ಲವೂ ಕರೆದ ಬಾಗಿಲುಗಳು. ಪ್ರಶ್ನೆ ಹುಟ್ಟುವುದು ಕರೆಯದ ಬಾಗಿಲಿನಲ್ಲಿ.

ಪೂರ್ವೋಕ್ತನಾದ ಶಿಷ್ಯನಿಗೂ ನನಗೂ ಈ ವಿಷಯದಲ್ಲಿ ಚರ್ಚೆ ನಡೆಯಿತು. "ಮೇಷ್ಟ್ರೇ, ಹೊಳೆಯ ನೀರನ್ನು ಕುಡಿದವನು ಕಳ್ಳನೆ? ತರಂಗವು ನನ್ನ ಕೋಣೆಗೆ ತಾನಾಗಿಯೇ ಬಂದಿತು. ಬೀಗ ಹಾಕಬಲ್ಲವರು ಹಾಕಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಅಪ್ಪಣೆ ಯಾವುದು?" ಎಂದು ಅವನು ಕೇಳಿದನು. ವಾದವು ಹಗುರವಾದುದಲ್ಲ. ನಾನು, "ತರಂಗವೇನೋ ನಿನ್ನ ಕೋಣೆಗೆ ಬಂದಿತಪ್ಪಾ, ಆದರೆ ನೀನು ಬಳಸಿದ್ದು ತರಂಗವನ್ನಲ್ಲ. ಅದರ ಮೂಲಕ ನಿನ್ನ ಯಂತ್ರವು ಅವರ ಯಂತ್ರಕ್ಕೆ ಹೋಗಿ, ಅವರು ಹಣಕೊಟ್ಟು ಪಡೆದ ತಂತಿಯಲ್ಲಿ, ಅವರ ಹೆಸರಿನಲ್ಲಿ ಹೊರಟಿತು. ಮಲ್ಲಿಗೆಯ ಬಳ್ಳಿಯ ಪರಿಮಳವು ಬೀದಿಗೆ ಬಂದರೆ ಮೂಸಿದವನಿಗೆ ದೋಷವಿಲ್ಲ. ಕೈನೀಡಿ ಹೂ ಕಿತ್ತರೆ ಮಾತು ಬೇರೆ. ಅದಿರಲಿ, ಬೀಗ ಹಾಕದವರು ಕೊಡುವ ಮನಸ್ಸಿನಿಂದ ಹಾಕಲಿಲ್ಲವೋ, ಹಾಕುವುದು ತಿಳಿಯದೆ ಹಾಕಲಿಲ್ಲವೋ?" ಎಂದೆನು. ಅವನು ಸ್ವಲ್ಪಹೊತ್ತು ಸುಮ್ಮನಿದ್ದು ಕೆಲವು ವರ್ಷಗಳ ಹಿಂದೆ ನಡೆದುದನ್ನು ಹೇಳಿದನು.

ಆಗ ಅವನು ಒಂದು ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದನು. ಕಿಟಕಿಯಲ್ಲಿಟ್ಟ ರೌಟರು ಆಜ್ಞಾಪಟ್ಟಿಯಂತೆ ಹುಡುಕಿ, ಬೀಗವಿಲ್ಲದ ಒಂದು ಜಾಲವನ್ನು ಸೇರಿಕೊಂಡಿದ್ದಿತು. ನಾಲ್ಕು ತಿಂಗಳು ಕಳೆದುವು. ಒಂದು ದಿನ ಎದುರುಮನೆಯ ವೃದ್ಧರು ಅಂಗಡಿಯಲ್ಲಿ ಸಿಕ್ಕಿ, ಇವನು ಯಂತ್ರ ಬಲ್ಲವನೆಂದು, "ನಮ್ಮ ಮನೆಯಲ್ಲಿ ನಾವಿಬ್ಬರೇ. ಭಾನುವಾರ ಅಮೆರಿಕದ ಮಗಳೊಡನೆ ಮಾತಾಡುವುದಷ್ಟೇ ನಮ್ಮ ಉಪಯೋಗ. ಆದರೂ ತಿಂಗಳ ಲೆಕ್ಕವು ಇಪ್ಪತ್ತನೆಯ ತಾರೀಖಿಗೇ ಮುಗಿದು, ಮಗುವಿನ ಮುಖವೇ ಕಾಣಿಸದಂತಾಗುತ್ತದೆ. ಪಿಂಚಣಿಯಲ್ಲಿ ಇನ್ನಷ್ಟು ಕಟ್ಟುವುದು ಹೇಗೆ? ಸ್ವಲ್ಪ ಬಂದು ನೋಡುತ್ತೀರಾ?" ಎಂದು ಕೇಳಿದರಂತೆ. ಇವನು ಹೋಗಿ ನೋಡಿದನು. ಜಾಲದ ಹೆಸರನ್ನು ಕಂಡೊಡನೆ ತಿಳಿಯಿತು. ಆಗಲೇ ಇದ್ದುದನ್ನು ಇದ್ದಂತೆ ಹೇಳಿ, ಮಿಕ್ಕ ಹಣವನ್ನು ತಾನು ಕೊಡುವೆನೆಂದು ನುಡಿದು, ಅವರ ರೌಟರಿಗೆ ಬೀಗವನ್ನು ಹಾಕಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟನು. ವೃದ್ಧರು ಹಣವನ್ನು ತೆಗೆದುಕೊಳ್ಳಲಿಲ್ಲ. ಮನೆಯಾಕೆ ಕಾಫಿ ತಂದಿಟ್ಟು, "ಓದಿಗೆ ಬೇಕಾದಾಗ ಬಳಸಪ್ಪಾ; ಭಾನುವಾರದ ಸಂಜೆ ಒಂದನ್ನು ಬಿಟ್ಟುಬಿಡು" ಎಂದರಂತೆ. ಸೊನ್ನೆಯಾಗಿದ್ದ ಆ ಬಿಟ್ಟು ಆ ದಿನ ಒಂದಾಯಿತು; ಆದರೂ ಬಾಗಿಲು ನಿಜವಾಗಿ ತೆರೆದುದು ಅಂದೇ.

ಹಣದ ನಷ್ಟವು ಇಂಥದ್ದರಲ್ಲಿ ಅತಿ ಚಿಕ್ಕ ನಷ್ಟ. ದೊಡ್ಡ ನಷ್ಟಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. ೨೦೦೮ರ ಜುಲೈ ೨೬ರಂದು ಅಹಮದಾಬಾದಿನಲ್ಲಿ ಸಾಲುಸಾಲಾಗಿ ಬಾಂಬುಗಳು ಸಿಡಿದು ೫೦ಕ್ಕೂ ಹೆಚ್ಚು ಮಂದಿ ಮಡಿದರು. ಸ್ಫೋಟಕ್ಕೆ ಸ್ವಲ್ಪ ಮುಂಚೆ ವಾರ್ತಾಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂದಿದ್ದಿತು. ಅದು ಎಲ್ಲಿಂದ ಹೊರಟಿತೆಂದು ಹುಡುಕುತ್ತ ಹೋದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬನ ಮನೆಗೆ. ಅವನು ಆ ಪತ್ರವನ್ನು ಬರೆದವನಲ್ಲ. ಬೀಗವಿಲ್ಲದ ಅವನ ವೈಫೈಯನ್ನು ದುಷ್ಟರು ಬಳಸಿಕೊಂಡಿದ್ದರು. ಆದರೂ ವಿಚಾರಣೆಯನ್ನು ಎದುರಿಸಬೇಕಾದವನು ಅವನೇ. ಅದೇ ವರ್ಷದ ಸೆಪ್ಟೆಂಬರ್ ೧೩ರಂದು ದೆಹಲಿಯಲ್ಲಿ ಸ್ಫೋಟಗಳಾದಾಗಲೂ ಪತ್ರವು ಮುಂಬಯಿಯ ಚೆಂಬೂರಿನಲ್ಲಿದ್ದ ಮತ್ತೊಬ್ಬರ ವೈಫೈಯಿಂದ ಹೊರಟಿದ್ದಿತು. ೨೦೦೯ರ ಜನವರಿಯಲ್ಲಿ ಮುಂಬಯಿಯ ಪೊಲೀಸರು ಬೀಗವಿಲ್ಲದ ಜಾಲಗಳನ್ನು ಹುಡುಕಲು ಬೀದಿಗಿಳಿದರು. ಮುಂದಿನ ತಿಂಗಳು ದೂರಸಂಪರ್ಕ ಇಲಾಖೆಯು ಸೇವಾಸಂಸ್ಥೆಗಳಿಗೆ ಈ ವಿಷಯದಲ್ಲಿ ಕಟ್ಟಪ್ಪಣೆಗಳನ್ನು ಕಳುಹಿಸಿತು. ಒಬ್ಬರ ಹೆಸರಿನಲ್ಲಿ ಹೊರಟ ಮಾತಿಗೆ ಆ ಹೆಸರಿನವರೇ ಉತ್ತರವಾದಿಗಳಾಗುವ ಕಾಲದಲ್ಲಿ ಬೀಗವು ಜಿಪುಣತನದ ಚಿಹ್ನೆಯಲ್ಲ; ಅದು ಮನೆಯ ಮಾನರಕ್ಷಣೆ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಶಾಸನದ ೪೩ನೆಯ ವಿಧಿಯಂತೆ ಒಡೆಯನ ಅನುಮತಿಯಿಲ್ಲದೆ ಗಣಕಯಂತ್ರವನ್ನಾಗಲಿ ಜಾಲವನ್ನಾಗಲಿ ಪ್ರವೇಶಿಸಿದವನು ಪರಿಹಾರವನ್ನು ಕೊಡಬೇಕಾಗುವುದು. ಅಪ್ರಾಮಾಣಿಕ ಬುದ್ಧಿಯಿಂದ ಮಾಡಿದ್ದಾದರೆ ೬೬ನೆಯ ವಿಧಿಯಂತೆ ೩ ವರ್ಷಗಳವರೆಗೆ ಸೆರೆವಾಸ, ೫ ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಅಲ್ಲಿರುವ ಮಾತು ಅನುಮತಿಯೆಂಬುದು, ಬೀಗವೆಂಬುದಲ್ಲ. ಹೊರದೇಶಗಳಲ್ಲಿ ಇಂಥ ಮೊಕದ್ದಮೆಗಳೂ ನಡೆದಿವೆ. ೨೦೦೫ರಲ್ಲಿ ಲಂಡನ್ನಿನ ನ್ಯಾಯಾಲಯವೊಂದು ನೆರೆಹೊರೆಯವರ ನಿಸ್ತಂತುವನ್ನು ಅಪ್ಪಣೆಯಿಲ್ಲದೆ ಬಳಸಿದವನೊಬ್ಬನಿಗೆ ೫೦೦ ಪೌಂಡ್ ದಂಡವನ್ನು ವಿಧಿಸಿತು. ೨೦೦೭ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ, ಕಾಫಿ ಅಂಗಡಿಯ ಹೊರಗೆ ಕಾರಿನಲ್ಲಿ ಕುಳಿತು ಅದರ ವೈಫೈಯಲ್ಲಿ ತನ್ನ ಅಂಚೆಯನ್ನು ನೋಡಿಕೊಳ್ಳುತ್ತಿದ್ದವನಿಗೆ ೪೦೦ ಡಾಲರ್ ದಂಡ ಬಿದ್ದಿತು. ಗಿರಾಕಿಗಳಿಗೆಂದು ಇಟ್ಟುದನ್ನು ಗಿರಾಕಿಯಲ್ಲದವನು ಬಳಸಿದ್ದೇ ಅಲ್ಲಿ ಅಪರಾಧವಾಯಿತು.

ಇಷ್ಟರಿಂದ ತೆರೆದಿಡುವುದೇ ತಪ್ಪೆಂದು ಭಾವಿಸಬಾರದು. ಜರ್ಮನಿಯಲ್ಲಿ ಫ್ರೈಫಂಕ್ ಎಂಬ ಜನಸಮೂಹವೊಂದುಂಟು. ಅದಕ್ಕೆ ಸೇರಿದ ಗೃಹಸ್ಥರು ತಮ್ಮ ಸಂಪರ್ಕದ ಒಂದು ಪಾಲನ್ನು ದಾರಿಹೋಕರಿಗೆಂದೇ ಬೇರೆಯಾಗಿ ತೆರೆದು, ಹಾಗೆಂದು ಹೆಸರಿನಲ್ಲಿಯೇ ಸಾರುವರು. ೨೦೧೦ರ ಮೇ ತಿಂಗಳಲ್ಲಿ ಆ ದೇಶದ ಉಚ್ಚ ನ್ಯಾಯಾಲಯವು, ತನ್ನ ವೈಫೈಗೆ ತಕ್ಕ ರಕ್ಷಣೆಯನ್ನು ಮಾಡದ ಗೃಹಸ್ಥನು ಅದರ ಮೂಲಕ ಅನ್ಯರು ಮಾಡಿದ ಅಕ್ರಮಕ್ಕೆ ಸ್ವಲ್ಪಮಟ್ಟಿಗೆ ಹೊಣೆಯಾಗುವನೆಂದು ತೀರ್ಪಿತ್ತಿತು. ಆದರೂ ಅವರು ಎದೆಗೆಡಲಿಲ್ಲ. ೨೦೧೭ರಲ್ಲಿ ಶಾಸನವನ್ನೇ ತಿದ್ದಿ ಆ ಹೊಣೆಯನ್ನು ಬಹುಮಟ್ಟಿಗೆ ಸಡಿಲಿಸಿದರು. ಇವರ ರೌಟರುಗಳಲ್ಲಿ ನಡೆಯುವುದೂ ಅದೇ ಓಪನ್‌ಡಬ್ಲ್ಯುಆರ್‌ಟಿ ಎಂಬುದು ಗಮನಾರ್ಹ. ಒಂದೇ ವಿದ್ಯೆಯು ಒಬ್ಬರ ಕೈಯಲ್ಲಿ ಅರವಟ್ಟಿಗೆಯಾಗುವುದು, ಇನ್ನೊಬ್ಬರ ಕೈಯಲ್ಲಿ ಕನ್ನಗತ್ತರಿಯಾಗುವುದು.

ಕರೆಯದೆ ಹೋದವನಿಗೆ ತಾನೇ ಸಿಕ್ಕಿಬೀಳುವ ಭಯವೂ ಉಂಟು. ಜಾಲದ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು; ಅದಕ್ಕೆ ಮುದ್ರೆಯೂ ಇಲ್ಲ, ಸಾಕ್ಷಿಯೂ ಇಲ್ಲ. ಒಬ್ಬ ವಂಚಕನು ಹೋಟೆಲಿನ ಹೆಸರನ್ನೇ ತನ್ನ ಯಂತ್ರಕ್ಕಿಟ್ಟು ಬಲವಾಗಿ ಸಾರಿದರೆ, ಬಲವಾದುದನ್ನೇ ಮೊದಲು ಸೇರು ಎಂಬ ಆಜ್ಞೆಯುಳ್ಳ ನಮ್ಮ ರೌಟರು ನೇರವಾಗಿ ಅವನ ಬಲೆಗೆ ಬೀಳುವುದು. ಫೋನೊಂದು ಹೀಗೆ ಬಿದ್ದರೆ ಒಬ್ಬನ ವ್ಯವಹಾರವು ಅಪಾಯಕ್ಕೊಳಗಾಗುವುದು. ರೌಟರು ಬಿದ್ದರೆ ಮನೆಮಂದಿಯೆಲ್ಲರದೂ, ಅವರಿಗೆ ತಿಳಿಯದೆಯೇ. ೨೦೧೦ರ ಅಕ್ಟೋಬರಿನಲ್ಲಿ ಫೈರ್‌ಶೀಪ್ ಎಂಬ ಸಣ್ಣ ತಂತ್ರಾಂಶವು ಹೊರಬಂದು, ತೆರೆದ ಜಾಲದಲ್ಲಿರುವ ಇತರರ ಖಾತೆಗಳೊಳಕ್ಕೆ ಯಾರು ಬೇಕಾದರೂ ಎಷ್ಟು ಸುಲಭವಾಗಿ ಇಣುಕಬಹುದೆಂಬುದನ್ನು ಲೋಕಕ್ಕೆ ತೋರಿಸಿತು. ಆ ಬಳಿಕ ಬಹುತೇಕ ಜಾಲತಾಣಗಳು ಮಾತನ್ನು ಗೂಢಲಿಪಿಯಲ್ಲಿ ಕಳುಹಿಸುವ ಪದ್ಧತಿಯನ್ನು ಹಿಡಿದುವು. ೨೦೧೫ರ ಕೊನೆಯಿಂದ ಅದಕ್ಕೆ ಬೇಕಾದ ಪ್ರಮಾಣಪತ್ರವು ಉಚಿತವಾಗಿಯೂ ದೊರೆಯತೊಡಗಿತು. ಆದುದರಿಂದ ಲಕೋಟೆಯ ಒಳಗಿನ ಪತ್ರವು ಈಗ ಬಹುಮಟ್ಟಿಗೆ ಸುರಕ್ಷಿತ. ಲಕೋಟೆಯ ಮೇಲಿನ ವಿಳಾಸವನ್ನು ಮಾತ್ರ ದಾರಿಯಲ್ಲಿರುವವನು ಈಗಲೂ ಓದಬಲ್ಲನು, ಕೆಲವೊಮ್ಮೆ ತಪ್ಪು ವಿಳಾಸಕ್ಕೆ ತಿರುಗಿಸಲೂ ಯತ್ನಿಸುವನು.

ಹಾಗಾದರೆ ಮಾಡತಕ್ಕದ್ದೇನು? ಈ ವಿದ್ಯೆಯನ್ನು ಬಿಡಬೇಕಾಗಿಲ್ಲ. ಎರಡನೆಯ ವಿಧಿಯೊಂದನ್ನು ತಿದ್ದಿದರೆ ಸಾಕು. ಬೀಗವಿಲ್ಲದುವೆಲ್ಲವನ್ನೂ ಉಳಿಸಿಕೋ ಎಂಬಲ್ಲಿ, ಈ ಪಟ್ಟಿಯಲ್ಲಿ ಬರೆದವನ್ನು ಮಾತ್ರ ಉಳಿಸಿಕೋ ಎಂದು ಬರೆಯಬೇಕು. ಪಟ್ಟಿಯಲ್ಲಿ ಬರತಕ್ಕವು ನಮ್ಮದೇ ಮೊಬೈಲು, ಅನುಮತಿಯಿತ್ತ ನೆಂಟರ ಮನೆ, ತಂಗಿರುವ ಹೋಟೆಲು, ಗಿರಾಕಿಗಳಾದ ನಮಗೆಂದೇ ಇಟ್ಟಿರುವ ಸೇವೆ—ಇಷ್ಟೆ. ಸಾಧ್ಯವಿದ್ದಲ್ಲಿ ಪಾಸ್‌ವರ್ಡು ಉಳ್ಳ ಜಾಲವನ್ನೇ ಮೊದಲಿಡಬೇಕು; ಪಾಸ್‌ವರ್ಡು ಕೊಟ್ಟರೆಂಬುದೇ ಕರೆದರೆಂಬುದಕ್ಕೆ ಸಾಕ್ಷಿ. ಬೀಗವಿಲ್ಲದುದನ್ನು ಸೇರಲೇಬೇಕಾದರೆ ಹೊರಮುಖವನ್ನು ಬೀದಿಯೆಂದೇ ಭಾವಿಸಿ, ಅತ್ತಣಿಂದ ಬರುವುದನ್ನೆಲ್ಲ ತಡೆಯುವ ಫೈರ್‌ವಾಲನ್ನು ಇಡಬೇಕು; ಮನೆಯಿಂದ ಹೊರಡುವುದೆಲ್ಲವನ್ನೂ ನಂಬಿಕೆಯುಳ್ಳ ಸ್ಥಾನದವರೆಗೆ ವಿಪಿಎನ್ ಎಂಬ ಗೂಢಮಾರ್ಗದಲ್ಲಿ ಕಳುಹಿಸಬೇಕು. ವೈರ್‌ಗಾರ್ಡ್ ಎಂಬ ಇಂಥ ಮಾರ್ಗವು ೨೦೨೦ರಲ್ಲಿ ಲಿನಕ್ಸಿನೊಳಗೇ ಸೇರಿತು. ಚಿಕ್ಕ ರೌಟರೂ ಅದನ್ನು ನಡೆಸಬಲ್ಲದು. ಗೂಢಮಾರ್ಗವು ಕಡಿದರೆ ಹೊರಗೆ ಹೋಗುವುದೆಲ್ಲವೂ ನಿಲ್ಲಲಿ ಎಂಬ ನಿಷೇಧವನ್ನೂ ಬರೆಯುವುದು ಲೇಸು.

ಇನ್ನು ಯಾವ ಆಜ್ಞಾಪಟ್ಟಿಯನ್ನೂ ಬರ��ಯದ ಗೃಹಸ್ಥರು ತಮ್ಮ ಮನೆಯ ರೌಟರನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ. ಫೋನಿನಲ್ಲಿ ವೈಫೈಗಳ ಪಟ್ಟಿಯನ್ನು ತೆರೆದು, ನಿಮ್ಮ ಮನೆಯ ಹೆಸರಿನ ಪಕ್ಕದಲ್ಲಿ ಬೀಗದ ಚಿತ್ರವುಂಟೋ ಎಂಬುದನ್ನು ನೋಡಿರಿ. ಇಲ್ಲದಿದ್ದರೆ ರೌಟರಿನ ವ್ಯವಸ್ಥೆಯಲ್ಲಿ ಡಬ್ಲ್ಯುಪಿಎ ೨ ಅಥವಾ ೨೦೧೮ರಲ್ಲಿ ಬಂದ ಡಬ್ಲ್ಯುಪಿಎ ೩ ಎಂಬುದನ್ನು ಆರಿಸಿರಿ; ಡಬ್ಲ್ಯುಇಪಿ ಎಂಬ ಹಳೆಯ ಬೀಗವು ಮುರಿದ ಬೀಗವೆಂದೇ ತಿಳಿಯಿರಿ. ಪಾಸ್‌ವರ್ಡು ಉದ್ದವಾಗಿರಲಿ, ಮನೆಯ ಸಂಖ್ಯೆ, ಮಗುವಿನ ಹೆಸರು, ಫೋನ್ ಸಂಖ್ಯೆಗಳು ಬೇಡ. ರೌಟರನ್ನು ತಿದ್ದಲು ಬೇಕಾಗುವ ಇನ್ನೊಂದು ಪಾಸ್‌ವರ್ಡನ್ನು ಕಾರ್ಖಾನೆಯಲ್ಲಿ ಇಟ್ಟಂತೆಯೇ ಬಿಡಬೇಡಿರಿ. ಬಂದ ನೆಂಟರಿಗಾಗಿ ಅತಿಥಿಜಾಲವೆಂಬುದನ್ನು ಬೇರೆಯಾಗಿ ತೆರೆಯುವ ಅನುಕೂಲವು ಅನೇಕ ರೌಟರುಗಳಲ್ಲುಂಟು. ಅದರಿಂದ ಅತಿಥಿಗೆ ಜಗಲಿ ದೊರೆಯುವುದು, ನಡುಮನೆಯು ಮನೆಯವರಿಗೇ ಉಳಿಯುವುದು.

ನಮ್ಮ ಶಾಸ್ತ್ರಗಳು ಕಳವನ್ನು ನಿರ್ವಚಿಸುವಾಗ ಅದತ್ತಾದಾನವೆಂಬ ಮಾತನ್ನು ಬಳಸುವುವು; ಕೊಡದುದನ್ನು ತೆಗೆದುಕೊಳ್ಳುವುದು ಎಂದು ಅದರ ಅರ್ಥ. ಕಾವಲಿದ್ದುದನ್ನು ಎಂದಲ್ಲ, ಬೀಗದೊಳಗಿದ್ದುದನ್ನು ಎಂದೂ ಅಲ್ಲ; ಕೊಡದುದನ್ನು ಎಂದಷ್ಟೇ. ಕೊಟ್ಟರೋ ಇಲ್ಲವೋ ಎಂಬುದನ್ನು ಯಂತ್ರವು ತಿಳಿಯಲಾರದು. ಅದಕ್ಕೆ ಕಾಣುವುದು ಒಂದು ಬಿಟ್ಟು, ಒಂದು ಸೊನ್ನೆ. ಆ ಸೊನ್ನೆಯ ಹಿಂದೆ ಧರ್ಮಾತ್ಮನ ಅರವಟ್ಟಿಗೆಯೂ ಇರಬಹುದು, ಅರಿಯದ ವೃದ್ಧರ ಮನೆಯೂ ಇರಬಹುದು, ವಂಚಕನ ಬಲೆಯೂ ಇರಬಹುದು. ಅದನ್ನು ವಿವೇಚಿಸತಕ್ಕವರು ಸೂತ್ರವನ್ನು ಬರೆಯುವವರು. ನಿಮ್ಮ ಮನೆಯ ಹುಡುಗನು ಇಂಥ ಕೌಶಲವನ್ನು ಕಲಿತು ಬಂದರೆ ಗದರಿಸಬೇಡಿರಿ, ವಿದ್ಯೆ ಒಳ್ಳೆಯದೇ. ಹತ್ತಿರ ಕುಳ್ಳಿರಿಸಿಕೊಂಡು, ಯಾರ ಯಾರ ಮನೆಯ ಅಪ್ಪಣೆಯನ್ನು ಕೇಳಿರುವೆ ಎಂದು ಮಾತ್ರ ವಿಚಾರಿಸಿರಿ. ಕೇಳಿಲ್ಲವೆಂದರೆ, ಮೊದಲು ಹೋಗಿ ಕೇಳಿಕೊಂಡು ಬಾ, ಆಮೇಲೆ ಪಟ್ಟಿಗೆ ಸೇರಿಸು ಎಂದು ಹೇಳಿರಿ.